ಸ್ಕೀಫೋಗೆ ಕನ್ನಡದಲ್ಲಿ ಏನನ್ನುತ್ತಾರೆ

ಅದೇ ಮುತ್ತನ್ನು ನಾಲ್ಕನೇ ಸಲ ನೋಡುವ ಹೊತ್ತಿಗೆ ಮುನಿಗೆ ಹೊಟ್ಟೆ ತೊಳಸಿಕೊಂಡು ಬಂತು. ಲ್ಯಾಪ್‌ಟಾಪಿನ ಮುಚ್ಚಳ ಅರ್ಧ ಇಳಿಸಿ, ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು, ಮತ್ತೆ ಬಂದು ಕೂತಳು.

ಚಿತ್ರ ಇಟಲಿಯದು, ಕಪ್ಪು ಬಿಳುಪಿನದು, ಅವಳ ಅಮ್ಮನಿಗಿಂತ ಹಳೆಯದು. ಒಂದು ಬಂದರು. ಲೇಸು ಹೆಣೆಯುವ ಹುಡುಗಿ. ಹೋಟೆಲಿನಲ್ಲಿ ಹಾಡುವ ಒಬ್ಬ ಮೀಸೆಯವನು. ಈ ಮೀಸೆಯವನು ನಲವತ್ತು ದಿನ ಅವಳ ಬೆನ್ನು ಬಿಡುವುದಿಲ್ಲ. ಅವಳು ಕೆಲಸ ಮಾಡುವ ಕೋಣೆಯ ಕಿಟಕಿಯ ಕೆಳಗೆ ನಿಂತು ಹಾಡುತ್ತಾನೆ. ಅವಳು ಕಿಟಕಿ ಮುಚ್ಚಿದರೆ ಇನ್ನೂ ಜೋರಾಗಿ ಹಾಡುತ್ತಾನೆ. ನಲವತ್ತೊಂದನೇ ದಿನ ದೋಣಿಕಟ್ಟೆಯಲ್ಲಿ ಅವಳ ಎರಡೂ ಕೈ ಹಿಡಿದು, ಗೋಡೆಗೆ ಒತ್ತಿ, ಮುತ್ತು ಕೊಡುತ್ತಾನೆ. ಹುಡುಗಿ ಅವನನ್ನು ನೂಕಿ, ತೋಳಿನಿಂದ ಬಾಯಿ ಒರೆಸಿಕೊಂಡು, ಮೂರೇ ಮಾತು ಹೇಳುತ್ತಾಳೆ: 'ಮಿ ಫಾಯ್ ಸ್ಕೀಫೋ.' ಅದೇ ಗಳಿಗೆಗೆ ಹಿಂದಿನಿಂದ ಇಪ್ಪತ್ತು ಪಿಟೀಲುಗಳು ಒಟ್ಟಿಗೆ ಕೊಯ್ಯಲು ಶುರು ಮಾಡುತ್ತವೆ. ಅರ್ಧ ಗಂಟೆಯಾದ ಮೇಲೆ ಅವಳು ಅವನನ್ನೇ ಮದುವೆಯಾಗುತ್ತಾಳೆ.

ಮುನಿ ಆ ಸಾಲಿನ ಎದುರಿಗೆ ಕನ್ನಡದಲ್ಲಿ ಬರೆದಳು: 'ನಿನ್ನನ್ನು ಕಂಡರೆ ನನಗೆ ಹೇಸಿಗೆ.' ಬರೆದು ಅಡಿಗೆರೆ ಎಳೆದಳು.

ಮುನಿ ಅಂದರೆ ಜಪತಪದ ಮುನಿಯಲ್ಲ. ಅತ್ತಿಗೆ ಈ ಮನೆಗೆ ಬಂದ ಮೊದಲ ವಾರದಲ್ಲೇ ನಾದಿನಿಗೆ 'ಮುಟ್ಟಿದರೆ ಮುನಿ' ಎಂದು ಹೆಸರಿಟ್ಟಿದ್ದಳು. ಅದು ಎಲ್ಲರ ಬಾಯಲ್ಲೂ ಸವೆದು ಬರೀ ಮುನಿಯಾಯಿತು. ನೆಂಟರು ಬಂದರೆ ಒಳಗಿನ ಕೋಣೆ ಸೇರುವವಳು, ಫೋನಿನಲ್ಲಿ ಹಲೋ ಅನ್ನುವ ಮೊದಲು ಎರಡು ಸಲ ಉಗುಳು ನುಂಗುವವಳು, ಹೇಳಬೇಕಾದ್ದನ್ನೆಲ್ಲ ದಿನಚರಿಯಲ್ಲಿ ತಾರೀಕು ಹಾಕಿ ಬರೆದಿಟ್ಟು ಸುಮ್ಮನಾಗುವವಳು. ಹೆಸರು ಅವಳಿಗೆ ಒಪ್ಪುತ್ತದೆ ಎಂದು ಮನೆಯವರೆಲ್ಲ ಒಪ್ಪಿದ್ದರು. ಅವಳನ್ನು ಯಾರೂ ಕೇಳಿರಲಿಲ್ಲ.

ಪದವಿಯಲ್ಲಿ ಇಟಾಲಿಯನ್ ಓದಿದ್ದಕ್ಕೆ ಸಿಕ್ಕ ಕೆಲಸವೆಂದರೆ ಯಂತ್ರದ ಕಂಪನಿಯೊಂದರಲ್ಲಿ ಕೈಪಿಡಿಗಳನ್ನು ಕನ್ನಡ ಮಾಡುವುದು. ಬಿಸ್ಕತ್ತಿನ ಪೊಟ್ಟಣ ಕಟ್ಟುವ ಯಂತ್ರಗಳು. 'ಯಂತ್ರ ತಿರುಗುತ್ತಿರುವಾಗ ಕೈ ಹಾಕಬೇಡಿ' ಎಂದು ಅವಳು ಬರೆದರೆ ಕಾರ್ಖಾನೆಯಲ್ಲಿ ಯಾರೂ ಕೈ ಹಾಕುತ್ತಿರಲಿಲ್ಲ. ಪಾಪ, ಯಂತ್ರ ನಾಚಿಕೊಂಡಿದೆ ಎಂದು ಯಾರೂ ನಗುತ್ತಲೂ ಇರಲಿಲ್ಲ.

ಸಿನಿಮಾದ ಕೆಲಸ ಹಚ್ಚಿದವನು ಚಿತ್ರ ಸಂಘದ ಕಾರ್ಯದರ್ಶಿ. ಅವನಿಗೆ ಮೂವತ್ತಾರು ವರ್ಷ, ಮುಖ್ಯ ರಸ್ತೆಯಲ್ಲಿ ಕನ್ನಡಕದ ಅಂಗಡಿ, ಜೊತೆಗೊಂದು ಕಂಠ. ಪೀಠೋಪಕರಣದ ಅಂಗಡಿಯ ಮೇಲಿನ ಹಾಲಿನಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಹಳೆಯ ಇಟಾಲಿಯನ್ ಪ್ರೇಮಚಿತ್ರ ತೋರಿಸುತ್ತಿದ್ದರು. ತೆರೆಯ ಮೇಲೆ ಕನ್ನಡದ ಅಕ್ಷರ ಬರುತ್ತಿರಲಿಲ್ಲ. ಚಿತ್ರದ ಶಬ್ದವನ್ನು ಅರ್ಧಕ್ಕೆ ಇಳಿಸಿ, ಕಾರ್ಯದರ್ಶಿ ಹಿಂದೆ ಮೈಕಿನ ಮುಂದೆ ಕೂತು, ಮುನಿ ಬರೆದುಕೊಟ್ಟ ಕನ್ನಡದ ಮಾತುಗಳನ್ನು ಓದುತ್ತಿದ್ದ. ಗಂಡಸಿನದೂ ಅವನೇ, ಹೆಂಗಸಿನದೂ ಅವನೇ, ಅಜ್ಜಿಯಿದ್ದರೆ ಅಜ್ಜಿಯದೂ ಅವನೇ. ಓದುವ ಮೊದಲು ಬಾಯಲ್ಲಿದ್ದ ಪೆಪ್ಪರ್‌ಮಿಂಟನ್ನು ತೆಗೆದು ಮೈಕಿನ ಕಂಬಕ್ಕೆ ಅಂಟಿಸುವನು. ಮಧ್ಯಂತರದಲ್ಲಿ ಕಿತ್ತು ಮತ್ತೆ ಬಾಯಿಗೆ ಹಾಕಿಕೊಳ್ಳುವನು. ಪಕ್ಕದಲ್ಲಿ ಕೂತು ಪುಟ ತಿರುವುವ ಮುನಿ ಏಳು ಶನಿವಾರ ಆ ಪೆಪ್ಪರ್‌ಮಿಂಟಿನ ಕಡೆ ನೋಡದಿರಲು ಒದ್ದಾಡಿದ್ದಳು.

ಸಂಘ ಮುಂದಿನ ವಾರ ಹಂಚುವ ಹಾಳೆಯಲ್ಲಿ ಆ ಚಿತ್ರದ ವಿಮರ್ಶೆ ಬರೆಯುವವಳೂ ಅವಳೇ. ಸಂಘದ ವಿಮರ್ಶೆಗೆ ನಾಲ್ಕು ಭಾಗ: ಕಥೆ, ನಟನೆ, ಸಂಭಾಷಣೆ, ಕೊನೆಯ ಮಾತು. ಏಳು ಚಿತ್ರಗಳಲ್ಲೂ ಒಬ್ಬನಲ್ಲ ಒಬ್ಬ ಮೀಸೆಯವನು ಯಾವಳನ್ನೋ ಅಟ್ಟಿಸಿಕೊಂಡು ಹೋಗುತ್ತಿದ್ದ. 'ಇದನ್ನು ನೋಡಿ ಮೈಮೇಲೆ ಹುಳ ಹರಿದಂತಾಯಿತು' ಎಂದು ಮುನಿ ಬರೆದಿದ್ದು ಹಾಳೆಯಲ್ಲಿ 'ಇದನ್ನು ನೋಡಿ ಮೈ ನವಿರೆದ್ದಿತು' ಎಂದಾಗಿ ಬಂತು. 'ಅಸಹ್ಯ' ಎಂದಿದ್ದಲ್ಲಿ 'ಅಮಾಯಕ' ಬಂತು. ಕಾರ್ಯದರ್ಶಿಯ ಅಂಗಿಯ ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು. ಮುನಿ ಹಾಳೆಯನ್ನು ಮಡಚಿ ಚೀಲಕ್ಕಿಟ್ಟುಕೊಂಡು, ಮನೆಗೆ ಬಂದು, ಮೂಲ ವಾಕ್ಯಗಳನ್ನು ದಿನಚರಿಯಲ್ಲಿ ಮತ್ತೆ ಬರೆದಳು. ಬಾಯಿ ಬಿಟ್ಟು ಏನೂ ಹೇಳಲಿಲ್ಲ.

ಹೇಳದಿದ್ದ ತಪ್ಪಿಗೆ ಬೆಲೆ ತೆರಬೇಕಾಗಿ ಬಂದದ್ದು ಏಳನೆಯ ಚಿತ್ರ ಮುಗಿದ ಮೇಲಿನ ಸೋಮವಾರ. ಅವಳ ಕನ್ನಡಕದ ಕಡ್ಡಿ ಸಡಿಲವಾಗಿತ್ತು. ಕಾರ್ಯದರ್ಶಿಯ ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. 'ಕೊಡಿ' ಎನ್ನುವ ಬದಲು ಅವನೇ ಕೈ ಚಾಚಿ ಅವಳ ಮುಖದಿಂದ ಕನ್ನಡಕ ತೆಗೆದ. ಗಾಜಿನ ಮೇಲೆ 'ಹಾ' ಎಂದು ಬಾಯಿಯ ಹಬೆ ಬಿಟ್ಟು, ಟೈಯ ತುದಿಯಿಂದ ಒರೆಸಿದ.

"ಇನ್ಮೇಲೆ ಜೀವನಪೂರ್ತಿ ಇದನ್ನ ನಾನೇ ಒರೆಸಿಕೊಡ್ತೀನಿ" ಎಂದ.

ಕನ್ನಡಕವಿಲ್ಲದ ಮುನಿಗೆ ಅವನ ಮುಖ ಕಲಸಿಹೋದ ಹಿಟ್ಟಿನ ಹಾಗೆ ಕಂಡಿತು. ಆ ಹಿಟ್ಟು ಹತ್ತಿರ ಬಂತು. ಅವಳ ಬಲಗೈ ಹಿಡಿದೆತ್ತಿ, ಮಣಿಕಟ್ಟಿನ ಒಳಬದಿಗೆ, ನರ ಹಸಿರಾಗಿ ಕಾಣುವ ಜಾಗಕ್ಕೆ, ಸಾವಕಾಶವಾಗಿ ತುಟಿಯೊತ್ತಿತು. ಐದನೇ ಚಿತ್ರದಲ್ಲಿ ಒಬ್ಬ ಹೀಗೇ ಮಾಡಿದ್ದ. ಒದ್ದೆ, ಬಿಸಿ, ಪೆಪ್ಪರ್‌ಮಿಂಟಿನ ಅಂಟು.

"ಛೀ!" ಎಂದು ಮುನಿ ಕೈ ಕಿತ್ತುಕೊಂಡಳು.

ಅವನು ನಕ್ಕ. "ನನಗೆ ಗೊತ್ತಿತ್ತು! ಹುಡುಗಿ ಛೀ ಅಂದ್ಳು ಅಂದ್ರೆ ಹೂಂ ಅಂದ ಹಾಗೇನೇ. ಏಳು ಸಿನಿಮಾದಲ್ಲಿ ಹೆಂಗಸರ ಮಾತು ಆಡಿರೋನು ನಾನು, ನನಗೆ ಹೇಳಿಕೊಡ್ತೀಯಾ?"

ಅಂದಿನವರೆಗೆ 'ನೀವು' ಆಗಿದ್ದವಳು ಅವನ ಬಾಯಲ್ಲಿ ಅವತ್ತೇ 'ನೀನು' ಆದಳು. ಮುನಿ ಮನೆಗೆ ಬಂದು ಬಚ್ಚಲಲ್ಲಿ ಮಣಿಕಟ್ಟಿಗೆ ಸೋಪು ಹಚ್ಚಿ ಉಜ್ಜಿದಳು. ಕೆಂಪಾಗುವ ತನಕ ಉಜ್ಜಿದಳು. ವಾಸನೆ ಹೋಯಿತು, ಬಿಸಿ ಹೋಗಲಿಲ್ಲ.

ಮಾರನೆಯ ದಿನ ಸಂಜೆ ಅವನು ಮನೆಗೇ ಬಂದ. ಅಮ್ಮನ ಎದುರು, ಲಿಫ್ಟ್ ರಿಪೇರಿ ಕೆಲಸ ಮುಗಿಸಿ ಆಗತಾನೆ ಬಂದು ಕೂತಿದ್ದ ಅಣ್ಣನ ಎದುರು, ಚೊಕ್ಕವಾಗಿ ಮದುವೆಯ ವಿಷಯ ಹೇಳಿದ. ತನಗೆ ಹಿರಿಯಳೆಂದರೆ ಅಕ್ಕ ಒಬ್ಬಳೇ, ಅವಳು ಬಂದು ಮಾತು ಗಟ್ಟಿ ಮಾಡುತ್ತಾಳೆ ಎಂದ. ಕೊನೆಗೆ, "ನಿಮ್ಮ ಹುಡುಗೀನ ಕೇಳಿದೆ. 'ಛೀ' ಅಂತ ನಾಚಿಕೊಂಡ್ರು" ಎಂದ. ಮನೆಯೆಲ್ಲ ಗೊಳ್ಳೆಂದಿತು. ಅತ್ತಿಗೆಯಂತೂ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.

ಮುನಿ ಅಮ್ಮನಿಗೆ ಹೇಳಲು ನೋಡಲಿಲ್ಲವೆಂದಲ್ಲ. ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದಾಗ, "ಅಮ್ಮ, ನಂಗೆ ಬೇಡ" ಎಂದಳು.

"ಎಲ್ಲಾ ಹುಡುಗೀರೂ ಹಾಗೇ ಅನ್ನೋದು."

"ಹಾಗಲ್ಲಮ್ಮ. ಅವ್ರನ್ನ ಕಂಡ್ರೆ ನಂಗೆ ಒಂಥರಾ ಆಗುತ್ತೆ."

"ಆಗ್ಲೇಬೇಕಲ್ಲೇ! ಒಂಥರಾ ಆಗದೆ ಇದ್ರೆ ಮದುವೆ ಯಾಕೆ ಆಗ್ತಾರೆ?" ಎಂದು ಅಮ್ಮ ದಿಂಬಿನ ಕವರನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಕನ್ನಡದಲ್ಲಿ ಬೇಡ ಎನ್ನಲು ಎಷ್ಟು ಮಾತುಗಳಿವೆ ಎಂದು ಮುನಿ ಅಂದು ದಿನಚರಿಯಲ್ಲಿ ಪಟ್ಟಿ ಮಾಡಿದಳು. ಛೀ. ಥೂ. ಬೇಡ. ಬಿಡಿ. ಸಾಕು. ಹೋಗಿ. ಒಲ್ಲೆ. ಒಂದೊಂದನ್ನೂ ಮೆಲ್ಲಗೆ ಬಾಯಲ್ಲಿ ಹೇಳಿ ನೋಡಿದಳು. ಎಲ್ಲವೂ ಅವಳ ಸಣ್ಣ ದನಿಯಲ್ಲಿ ಸೆರಗಿನ ತುದಿ ಕಚ್ಚಿಕೊಂಡು ಹೇಳಿದ ಹಾಗೇ ಕೇಳಿಸಿದವು. ನಾಚಿಕೆಯವಳೆಂದು ಒಮ್ಮೆ ಹೆಸರು ಬಿದ್ದ ಮೇಲೆ ಬೇಡ ಅನ್ನುವುದಕ್ಕೆ ಒಂದು ಶಬ್ದವೂ ಉಳಿಯುವುದಿಲ್ಲವೇ? ಬರುವ ಭಾನುವಾರ ಅವನ ಅಕ್ಕ ಬರುವವಳಿದ್ದಳು. ಅಷ್ಟರೊಳಗೆ ತನಗೊಂದು ಮಾತು ಸಿಗದಿದ್ದರೆ ಆ ಪೆಪ್ಪರ್‌ಮಿಂಟಿನ ಬಾಯಿಯ ಪಕ್ಕದಲ್ಲಿ ದಿನಾ ಬೆಳಿಗ್ಗೆ ಏಳಬೇಕು.

ಗುರುವಾರ ಸಂಜೆ ಎಂಟನೆಯ ಚಿತ್ರದ, ಅದೇ ಲೇಸಿನ ಹುಡುಗಿಯ ಚಿತ್ರದ, ಮಾತುಗಳನ್ನು ಅವನಿಗೆ ಕೊಡಬೇಕಿತ್ತು. ಒಬ್ಬಳೇ ಹೋಗಲಾರೆ ಎಂದು ಮುನಿ ಅತ್ತಿಗೆಯನ್ನು ಕರೆದುಕೊಂಡು ಹೋದಳು. ಅತ್ತಿಗೆ ಕನ್ನಡಿಯ ಮುಂದೆ ನಿಂತು ಒಂದಾದಮೇಲೊಂದು ಕಪ್ಪು ಕನ್ನಡಕ ಹಾಕಿ ನೋಡತೊಡಗಿದಳು. ಕಾರ್ಯದರ್ಶಿ ಹಾಳೆ ತಿರುವುತ್ತ ತಿರುವುತ್ತ ಅಡಿಗೆರೆ ಎಳೆದ ಸಾಲಿಗೆ ಬಂದು ನಿಂತ.

"ಇದೇನಿದು, ಹೇಸಿಗೆ?"

"ಅಲ್ಲಿ ಹಾಗೇ ಇದೆ" ಎಂದಳು ಮುನಿ. "ಸ್ಕೀಫೋ ಅಂದ್ರೆ ಹೇಸಿಗೆ."

"ನಿಘಂಟಿನಲ್ಲಿ ಇರಬಹುದು ಕಣೇ. ಮುಂದೆ ಮದುವೆ ಆಗೋಳು ಹೇಸಿಗೆ ಅಂತಾಳಾ? ಜನ ಎದ್ದು ಹೋಗ್ತಾರೆ." ಕೆಂಪು ಪೆನ್ನಿನ ಮುಚ್ಚಳ ತೆಗೆದು ಆ ಸಾಲನ್ನು ಹೊಡೆದುಹಾಕಿ, ಮೇಲೆ ಬರೆಯುತ್ತ ಓದಿದ: "'ಛೀ... ಹೋಗೀಂದ್ರೆ!' ಹೇಗಿದೆ?"

"ಹಾಂ, ಇದು ಚೆನ್ನಾಗಿದೆ!" ಕಪ್ಪು ಕನ್ನಡಕದೊಳಗಿಂದಲೇ ಅತ್ತಿಗೆ ಹೇಳಿದಳು. "ನಮ್ಮ ಮುನಿ ಥರಾನೇ ಇದೆ."

"ಸಿನಿಮಾದಲ್ಲಿ ಅವ್ಳು ಬಾಯಿ ಒರೆಸ್ಕೊಳ್ತಾಳೆ ಅತ್ತಿಗೆ."

"ನಾನೂ ಒರೆಸ್ಕೊಂಡಿದ್ದೆ. ನಿಮ್ಮಣ್ಣಂಗೆ ಆಗ ಮೀಸೆ ಇತ್ತು, ಚುಚ್ತಿತ್ತು."

ಇಬ್ಬರೂ ನಕ್ಕರು. ನಗು ಮುಗಿಸಿ ಕಾರ್ಯದರ್ಶಿ, "ಮುನಿ, ಈ ಶನಿವಾರ ಹುಡುಗಿಯ ಮಾತು ನೀನೇ ಓದಬೇಕು" ಎಂದ. ಮನೆಯವರ ಬಾಯಲ್ಲಿ ಸವೆದ ಹೆಸರನ್ನು ಅವನು ಪೆಪ್ಪರ್‌ಮಿಂಟಿನ ಜೊತೆ ಹೊರಳಿಸಿ ಹೇಳಿದ ರೀತಿಗೆ ಅವಳ ಭುಜ ತಾನಾಗಿಯೇ ಕಿವಿಯವರೆಗೆ ಏರಿತು. "ಅಕ್ಕ ಬರ್ತಾಳೆ ಚಿತ್ರ ನೋಡೋಕೆ. ಗಂಡಿನ ಮಾತು ನಾನು, ಹೆಣ್ಣಿನ ಮಾತು ನೀನು. ಭಾನುವಾರದ ಮಾತುಕತೆ ಶನಿವಾರವೇ ಅರ್ಧ ಮುಗಿದ ಹಾಗೆ!"

ಮುನಿ ಬೇಡವೆನ್ನಲಿಲ್ಲ. ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿದ್ದಳು. ಮನೆಯವರಿಗೆ ತನ್ನ ದನಿ ಕೇಳಿಸುವುದಿಲ್ಲ. ಮೈಕಿನಲ್ಲಿಯಾದರೂ ಕೇಳಿಸೀತು.

ಶುಕ್ರವಾರ ರಾತ್ರಿ ಬಾಗಿಲು ಹಾಕುವಾಗ ಅಮ್ಮನಿಗೆ ಇನ್ನೊಮ್ಮೆ ಬೇಡ ಎಂದಳು, ಅಮ್ಮ ನಕ್ಕು ಚಿಲಕ ಹಾಕಿದಳು. ಶನಿವಾರ ಹಾಲಿನಲ್ಲಿ ಅರವತ್ತು ಪ್ಲಾಸ್ಟಿಕ್ ಕುರ್ಚಿಗಳೂ ತುಂಬಿದ್ದವು. ಅಮ್ಮ, ಅಣ್ಣ, ಅತ್ತಿಗೆ ಮೂರನೇ ಸಾಲಿನಲ್ಲಿ. ಹಿಂದಿನ ಬಾಗಿಲಿನ ಹತ್ತಿರ, ಮೈಕಿಗೆ ನಾಲ್ಕು ಹೆಜ್ಜೆ ದೂರದಲ್ಲಿ ಕಾರ್ಯದರ್ಶಿಯ ಅಕ್ಕ. ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸು. ಡ್ಯೂಟಿಯಿಂದ ನೇರ ಬಂದವಳು, ಕಾಲಲ್ಲಿ ಇನ್ನೂ ಆಸ್ಪತ್ರೆಯ ಬಿಳಿ ಚಪ್ಪಲಿ. ಮುನಿಯನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, "ನೀನೇನಾ ವಿಮರ್ಶೆ ಬರೆಯೋಳು? ಈ ಸಿನಿಮಾದ್ದು ಬರೆದ್ರೆ ನನಗೂ ಒಂದು ಕೊಡಮ್ಮ, ಓದ್ತೀನಿ" ಎಂದಷ್ಟೇ ಹೇಳಿ ಕೂತಿದ್ದಳು.

ಮೈಕು ಒಂದೇ. ಕಾರ್ಯದರ್ಶಿ ಓದಿ ಬಿಟ್ಟ ಮೇಲೆ ಮುನಿ ಅದರ ತಲೆಗೆ ಹಾಕಿದ ಅದೇ ಸ್ಪಂಜಿಗೆ ಬಾಯಿ ಕೊಡಬೇಕು. ಸ್ಪಂಜು ಒದ್ದೆಯಾಗಿತ್ತು. ಏಳು ಚಿತ್ರಗಳ ಉಗುಳು ಅದರಲ್ಲಿ ಒಣಗಿ, ಇವತ್ತಿನದರಿಂದ ಮತ್ತೆ ನೆನೆದು, ಒಂದು ಹುಳಿ ವಾಸನೆ ಬರುತ್ತಿತ್ತು. ಮುನಿ ಉಸಿರು ಬಿಗಿಹಿಡಿದು ಓದಿದಳು, ಮುಖ ತಿರುಗಿಸಿ ಉಸಿರೆಳೆದುಕೊಂಡಳು. ಕತ್ತಲಲ್ಲಿ ಅವನ ಮೊಣಕಾಲು ಅವಳ ಮೊಣಕಾಲಿಗೆ ತಾಗಿತು. ಅವಳು ಸರಿದಳು. ಅದೂ ಸರಿದು ಬಂತು.

ದೋಣಿಕಟ್ಟೆ ಬಂತು. ಗೋಡೆ ಬಂತು. ಮುತ್ತು ಬಂತು. ಹುಡುಗಿ ಬಾಯಿ ಒರೆಸಿಕೊಂಡಳು. ಕಾರ್ಯದರ್ಶಿ ಮೈಕನ್ನು ಮುನಿಯ ಕಡೆ ತಿರುಗಿಸಿ, ಕೆಂಪಕ್ಷರದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ.

"ನಿನ್ನನ್ನು ಕಂಡರೆ ನನಗೆ ಹೇಸಿಗೆ" ಎಂದಳು ಮುನಿ.

ತಾನು ಹೇಳಬೇಕೆಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂದಿತ್ತು. ಒಂದಕ್ಷರವೂ ನುಂಗಿರಲಿಲ್ಲ. ಹಾಲು ಅರೆಗಳಿಗೆ ಸ್ತಬ್ಧವಾಯಿತು. ಮುನಿ ಕತ್ತಲಲ್ಲಿ ಮೂರನೇ ಸಾಲಿನ ಕಡೆ ನೋಡಿದಳು. ಕೇಳಿಸಿತು, ಕೊನೆಗೂ ಕೇಳಿಸಿತು.

ಆಮೇಲೆ ಯಾರೋ ಚಪ್ಪಾಳೆ ಹೊಡೆದರು. ಮೊದಲ ಸಾಲಿನಲ್ಲಿ ಕೂರುವ ದಂತವೈದ್ಯರು "ಭಲೇ!" ಎಂದರು. ಮೂರನೇ ಸಾಲಿನಿಂದ ಅತ್ತಿಗೆಯ ನಗು, ಅದರ ಮೇಲೆ ಅಮ್ಮನದು. ಅದರ ಹಿಂದೆ ಇಡೀ ಹಾಲಿನ ನಗು, ಮೆಚ್ಚುಗೆಯ, ಮುದ್ದಿನ, ಮೈದಡವುವಂಥ ನಗು. ಪಿಟೀಲುಗಳು ಶುರುವಾದವು.

ಮಧ್ಯಂತರದಲ್ಲಿ ದಂತವೈದ್ಯರು ಹುಡುಕಿಕೊಂಡು ಬಂದರು. "ಏನಮ್ಮಾ ನಟನೆ! ನಾನು ಸಾವಿರ ಜನರ ಬಾಯಿ ನೋಡಿದೀನಿ, ಇಂಥಾ ಮಾತು ಬರೋ ಬಾಯಿ ನೋಡಿರಲಿಲ್ಲ."

"ನಾನು ಬರೆದದ್ದಕ್ಕಿಂತ ಇದೇ ಚೆನ್ನಾಗಿತ್ತು" ಎಂದು ಕಾರ್ಯದರ್ಶಿ ಧಾರಾಳವಾಗಿ ಒಪ್ಪಿಕೊಂಡ. ಕಂಬದಿಂದ ಪೆಪ್ಪರ್‌ಮಿಂಟನ್ನು ಕಿತ್ತು ಬಾಯಿಗೆ ಹಾಕಿಕೊಂಡು, ಅದನ್ನು ದವಡೆಗೆ ಸರಿಸಿ, ಅವಳ ಕಿವಿಯ ಹತ್ತಿರ, "ಕೋಪದಲ್ಲೂ ಎಷ್ಟು ಒಲವು ನಿಂಗೆ!" ಎಂದ.

ಮುನಿ ಎದ್ದು ಹಿಂದಿನ ಬಾಗಿಲಿಂದ ಹೊರಗೆ ಓಡಿದಳು. ಮೆಟ್ಟಿಲ ಮೂಲೆಯಲ್ಲಿ ಕೈತೊಳೆಯುವ ತೊಟ್ಟಿಗೆ ಬಗ್ಗಿ, ಬೆಳಿಗ್ಗೆ ತಿಂದದ್ದನ್ನೆಲ್ಲ ಕಾರಿದಳು. ನಲ್ಲಿ ಬಿಟ್ಟು, ಮುಖ ತೊಳೆದು, ತಲೆ ಎತ್ತಿದರೆ ಬಿಳಿ ಚಪ್ಪಲಿಯವಳು ಬಾಗಿಲಲ್ಲಿ ನಿಂತಿದ್ದಳು. ಚೀಲದಿಂದ ಒಂದು ಹತ್ತಿಬಟ್ಟೆ ತೆಗೆದು ಕೊಟ್ಟು, ಒಳಗೆ ಹೋದಳು. ಉಳಿದ ಚಿತ್ರವನ್ನು ಕಾರ್ಯದರ್ಶಿಯೇ ಎರಡೂ ಗಂಟಲಿನಲ್ಲಿ ಓದಿ ಮುಗಿಸಿದ. ಹುಡುಗಿಗೆ ಗಾಬರಿಯಾಗಿ ಗಂಟಲು ಕಟ್ಟಿತು ಎಂದು ಮನೆಯವರು ಎಲ್ಲರಿಗೂ ಹೇಳಿದರು.

ಸಂಜೆ ಮುನಿ ವಿಮರ್ಶೆ ಬರೆಯಲು ಕೂತಳು. ಹಜಾರದಲ್ಲಿ ಅಮ್ಮನೂ ಅತ್ತಿಗೆಯೂ ನಾಳೆ ಕುರ್ಚಿಗಳನ್ನು ಹೇಗೆ ಹಾಕುವುದೆಂದು ಚರ್ಚಿಸುತ್ತಿದ್ದರು. 'ಕಥೆ' ಎಂದು ಬರೆದು ಲೇಸಿನ ಹುಡುಗಿಯನ್ನು ನೆನೆದಳು. ಅವಳು ಹೇಳಿದ್ದಳಲ್ಲ, ಸ್ಪಷ್ಟವಾಗಿಯೇ ಹೇಳಿದ್ದಳು. ಹೇಳಿಯೂ ಸಿಕ್ಕಿಬಿದ್ದಳು, ಯಾಕೆಂದರೆ ಅವಳ ಮಾತಿನ ಹಿಂದೆ ಯಾರೋ ಪಿಟೀಲು ಬಾರಿಸಿಬಿಟ್ಟರು. ಬಾಯಲ್ಲಿ ಆಡಿದ ಮಾತಿಗೆ ಹೀಗೆ ಯಾರು ಬೇಕಾದರೂ ಹಿಮ್ಮೇಳ ಕಟ್ಟಬಹುದು. ಬರೆದ ಮಾತನ್ನಾದರೂ ಓದುವವರು ಒಬ್ಬರೇ ಕೂತು ಓದಬೇಕು, ಸುತ್ತ ನಗುವವರಿರುವುದಿಲ್ಲ.

ಅವಳು ಆ ಹಾಳೆಯನ್ನು ಪಕ್ಕಕ್ಕಿಟ್ಟು ಹೊಸ ಹಾಳೆ ತೆಗೆದುಕೊಂಡಳು. ಭಾಗಗಳು ಅವೇ, ನಾಲ್ಕು. ಚಿತ್ರ ಮಾತ್ರ ಬೇರೆ.

'ಕಥೆ: ನಾಯಕನಿಗೆ ಕನ್ನಡಕದ ಅಂಗಡಿಯಿದೆ. ನಾಯಕಿಗೆ ಕನ್ನಡಕವಿಲ್ಲದೆ ಏನೂ ಕಾಣುವುದಿಲ್ಲ. ಅವನು ಕೇಳದೆ ಅದನ್ನು ತೆಗೆದ, ಕೇಳದೆ ಮಣಿಕಟ್ಟಿಗೆ ಬಾಯಿ ಹಚ್ಚಿದ. ಅವಳು ಮನೆಗೆ ಹೋಗಿ ಸೋಪಿನಿಂದ ತೊಳೆದುಕೊಂಡಳು. ಆಮೇಲೆ ಐದು ದಿನ, ದಿನಕ್ಕೆ ನಾಲ್ಕೈದು ಸಲ ತೊಳೆದುಕೊಂಡಿದ್ದಾಳೆ.

'ನಟನೆ: ನಾಯಕ ನಟಿಸುತ್ತಿಲ್ಲ. ತಾನು ಒಳ್ಳೆಯವನೆಂದು ನಿಜವಾಗಿ ನಂಬಿದ್ದಾನೆ. ಅದೇ ಹೆಚ್ಚು ಭಯ ಹುಟ್ಟಿಸುತ್ತದೆ. ನಾಯಕಿಯೂ ನಟಿಸುತ್ತಿಲ್ಲ. ಇಂದು ಹಾಲಿನಲ್ಲಿ ಅವಳು ಹೇಳಿದ್ದು ನಟನೆಯಲ್ಲ.

'ಸಂಭಾಷಣೆ: ನಾಯಕಿ ಹೇಳಿದ ಮಾತುಗಳು: ಛೀ, ಬೇಡ, ಒಂಥರಾ ಆಗುತ್ತೆ, ಹೇಸಿಗೆ. ಅವುಗಳಿಗೆ ಮಾಡಿದ ಅನುವಾದ: ಹೂಂ, ಹೂಂ, ಹೂಂ, ಹೂಂ. ಅನುವಾದಕಿಯಾಗಿ ಹೇಳುತ್ತೇನೆ, ಇದು ತಪ್ಪು.

'ಕೊನೆಯ ಮಾತು: ಅವರು ಗಾಜಿಗೆ ಹಬೆ ಬಿಟ್ಟು ಒರೆಸಿಕೊಟ್ಟ ಕನ್ನಡಕವನ್ನು ಹಾಕಿಕೊಳ್ಳುವಾಗಲೂ ನನಗೆ ವಾಕರಿಕೆ ಬರುತ್ತದೆ. ಇದು ನಾಚಿಕೆಯಲ್ಲ. ನಾಚಿಕೆ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು, ನಾನು ಹುಟ್ಟಾ ನಾಚಿಕೆಯವಳು. ಈ ಮದುವೆ ನನಗೆ ಬೇಡ.'

ಕೆಳಗೆ ಮುನಿ ಎಂದು ಬರೆಯಲಿಲ್ಲ. ತನ್ನ ಪೂರ್ತಿ ಹೆಸರು ಬರೆದಳು.

ಭಾನುವಾರ ಹತ್ತು ಗಂಟೆಗೆ ಅಕ್ಕ ತಮ್ಮ ಇಬ್ಬರೂ ಬಂದರು. ಅಣ್ಣ ಬಾಗಿಲಲ್ಲೇ ಎದುರುಗೊಂಡ. ಅತ್ತಿಗೆ ಚಹಾ ತಂದಿಟ್ಟಳು. ಕಾರ್ಯದರ್ಶಿ ಹೊಸ ಟೈ ಕಟ್ಟಿದ್ದ. ಅಮ್ಮ ಹವಾಮಾನದಿಂದ ಶುರು ಮಾಡಿ ಮಾತನ್ನು ಮೆಲ್ಲಮೆಲ್ಲಗೆ ದಡಕ್ಕೆ ತರುತ್ತಿದ್ದಳು. ಅಷ್ಟರಲ್ಲಿ ಮುನಿ ಒಳಗಿನ ಕೋಣೆಯಿಂದ ಬಂದು, ಯಾರ ಮುಖವನ್ನೂ ನೋಡದೆ, ನರ್ಸಕ್ಕನ ಮುಂದೆ ಹಾಳೆ ಚಾಚಿದಳು.

"ನಿನ್ನೆ ಕೇಳಿದ್ರಲ್ಲ... ವಿಮರ್ಶೆ."

"ಓಹೋ!" ಕಾರ್ಯದರ್ಶಿಯ ಕೈ ಆಗಲೇ ಜೇಬಿಗೆ ಹೋಗಿತ್ತು. "ಇಲ್ಲಿ ಕೊಡು, ನಾನು ತಿದ್ದಿಕೊಡ್ತೀನಿ, ಆಮೇಲೆ ಓದು ಅಕ್ಕಾ. ಇವಳದ್ದು ಸ್ವಲ್ಪ ಒರಟು ಕನ್ನಡ."

"ಇದು ತಿದ್ದೋದಕ್ಕಲ್ಲ" ಎಂದಳು ಮುನಿ.

"ನೋಡಿ, ನಾಚಿಕೆ!" ಎಂದು ಅತ್ತಿಗೆ ಚಹಾದ ತಟ್ಟೆ ಹಿಡಿದುಕೊಂಡೇ ಕಿಸಕ್ಕೆಂದಳು.

"ಸುಮ್ನಿರಿ ಸ್ವಲ್ಪ" ಎಂದು ನರ್ಸಕ್ಕ ಹಾಳೆ ತೆಗೆದುಕೊಂಡಳು. ಔಷಧಿಯ ಚೀಟಿ ಓದುವವರ ಹಾಗೆ, ತುಟಿ ಅಲುಗಿಸದೆ, ಮೇಲಿನಿಂದ ಕೆಳಗೆ ಓದಿದಳು. ಮತ್ತೆ ಮೇಲಿಂದ ಓದಿದಳು. ಅಮ್ಮ ಬಿಸ್ಕತ್ತಿನ ತಟ್ಟೆಯನ್ನು ಅವಳ ಕಡೆ ತಳ್ಳಿದಳು. ಅವಳು ನೋಡಲಿಲ್ಲ.

"ಕೈ ತೋರಿಸು" ಎಂದಳು.

ಮುನಿ ಬಲಗೈ ಚಾಚಿದಳು. ಮಣಿಕಟ್ಟಿನ ಒಳಬದಿ ಸಿಪ್ಪೆ ಎದ್ದು ಬಿರಿದಿತ್ತು. ನರ್ಸಕ್ಕ ಅದನ್ನು ಮುಟ್ಟದೆ, ಬಗ್ಗಿ ನೋಡಿದಳು.

"ಎಣ್ಣೆ ಹಚ್ಚು. ಸೋಪು ನಿಲ್ಲಿಸು." ಆಮೇಲೆ ತಮ್ಮನ ಕಡೆ ತಿರುಗಿದಳು. "ಏಳೋ."

"ಯಾಕಕ್ಕಾ? ಮಾತೇ ಶುರುವಾಗಿಲ್ಲ."

"ಮುಗಿದಿದೆ, ಏಳು."

"ಅಲ್ಲ ಅಕ್ಕಾ, ಅವ್ಳು ಛೀ ಅಂದಿದ್ಳು! ನನ್ನ ಕಿವಿಯಾರೆ ಕೇಳಿದೀನಿ."

"ಛೀ ಅನ್ನದೆ ಇನ್ನೇನಂತಾಳೆ?" ನರ್ಸಕ್ಕ ದನಿ ಏರಿಸಲಿಲ್ಲ. "ಇಪ್ಪತ್ತೆರಡು ವರ್ಷದಿಂದ ದಿನಾ ನೋಡ್ತಿದೀನಿ ಕಣೋ. ನೋವಿನ ನಾಟಕ ಆಡ್ತಾರೆ, ತಲೆಸುತ್ತಿನ ನಾಟಕ ಆಡ್ತಾರೆ, ಎಲ್ಲಾದರ ನಾಟಕವೂ ಆಡ್ತಾರೆ. ವಾಂತಿಯ ನಾಟಕ ಆಡೋಕೆ ಆಗಲ್ಲ. ನಿನ್ನೆ ನಿನ್ನ ಬಾಯಿ ಇವಳ ಕಿವಿ ಹತ್ರ ಬಂದಾಗ ನಾನು ಅಲ್ಲೇ ಇದ್ದೆ."

ಕಾರ್ಯದರ್ಶಿ ಅಕ್ಕನ ಕೈಯಿಂದ ಹಾಳೆ ಕಿತ್ತುಕೊಂಡ. ಮೊದಲ ಸಾಲು ಓದುವಾಗ ಅಭ್ಯಾಸಬಲದಿಂದ ಪೆನ್ನಿನ ಮುಚ್ಚಳ ತೆಗೆದ. ಎರಡನೇ ಸಾಲಿಗೆ ಪೆನ್ನು ಗಾಳಿಯಲ್ಲಿ ನಿಂತಿತು. ಓದುತ್ತ ಹೋದಂತೆ ಕುತ್ತಿಗೆಯಿಂದ ಕೆಂಪು ಏರಿ ಕಿವಿಯನ್ನು ತುಂಬಿತು. ಮುನಿ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು. ಅಯ್ಯೋ ಅನಿಸಬಹುದೇನೋ ಎಂದುಕೊಂಡಿದ್ದಳು. ಅನಿಸಲಿಲ್ಲ. ಅವನ ಕೆನ್ನೆಯೊಳಗೆ ಪೆಪ್ಪರ್‌ಮಿಂಟು ಆ ಕಡೆಯಿಂದ ಈ ಕಡೆಗೆ ಹೊರಳಿದ್ದು ಕಂಡು ಅದೇ ಹುಳಿ ಮತ್ತೆ ಗಂಟಲಿಗೆ ಬಂತು.

"ಇದನ್ನ ಪ್ರಕಟಿಸೋಕಾಗಲ್ಲ" ಎಂದ ಅವನು, ಕೊನೆಗೆ. ಹಾಳೆಯನ್ನು ಟೀಪಾಯಿಯ ಮೇಲಿಟ್ಟು ಎದ್ದ. ಬಾಗಿಲಲ್ಲಿ ತಿರುಗಿ, "ಮುಂದಿನ ಶನಿವಾರದ ಮಾತುಗಳನ್ನ ಯಾರು ಬರೀತಾರೆ ಹಾಗಾದ್ರೆ?" ಎಂದು ಕೇಳಿದ. ಅದನ್ನು ಯಾರಿಗೆ ಕೇಳಿದನೋ ತಿಳಿಯಲಿಲ್ಲ. ಅಕ್ಕ ಅವನನ್ನು ಬೆನ್ನಿಗೆ ಕೈಯಿಟ್ಟು ಹೊರಗೆ ಸಾಗಿಸಿದಳು.

ಅಣ್ಣ ಅವರನ್ನು ಬಿಟ್ಟುಬರಲು ಇಳಿದುಹೋದ. ಅತ್ತಿಗೆ ಅತ್ತೆಯ ಮುಖ ನೋಡಿ, ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

"ಮಾನ ತೆಗೆದೆಯಲ್ಲೇ" ಎಂದಳು ಅಮ್ಮ. "ಮನೆಗೆ ಬಂದವರ ಕೈಲಿ ಅಂಥಾದ್ದೇನು ಕೊಟ್ಟೆ?"

ಮುನಿ ಹಾಳೆಯನ್ನು ತೋರಿಸಿದಳು. ಅಮ್ಮ ಅದನ್ನು ಕಿಟಕಿಯ ಹತ್ತಿರ ಒಯ್ದು, ದೂರ ಹಿಡಿದು, ಪಿಸುದನಿಯಲ್ಲಿ ಒಂದೊಂದೇ ಪದ ಓದಿದಳು. ಸಂಭಾಷಣೆಯ ಭಾಗಕ್ಕೆ ಬಂದಾಗ ಪಿಸುದನಿಯೂ ನಿಂತಿತು. ಮುಗಿದ ಮೇಲೆ ಹಾಳೆ ತಿರುವಿ ನೋಡಿದಳು. ಹಿಂಬದಿ ಖಾಲಿಯಿತ್ತು.

"ಇಷ್ಟೆಲ್ಲ ಇತ್ತಾ? ಮೊದ್ಲೇ ಹೇಳೋದಲ್ವೇನೇ ನಂಗೆ?"

"ಹೇಳಿದ್ದೆ."

"ಯಾವಾಗ?"

"ಬುಧವಾರ ಬೆಳಿಗ್ಗೆ. ನೀನು ಬಟ್ಟೆ ಮಡಚ್ತಿದ್ದೆ. ಶುಕ್ರವಾರ ಬಾಗಿಲು ಹಾಕೋವಾಗ ಇನ್ನೊಂದ್ಸಲ. ನಿನ್ನೆ ಮೈಕಿನಲ್ಲಿ."

ಅಮ್ಮ ಕೂತಳು. ತಣ್ಣಗಾದ ಚಹಾದ ಮೇಲೆ ಕೆನೆ ಕಟ್ಟಿ ಸುಕ್ಕುಗಟ್ಟಿತ್ತು. ಅದನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿದಳು.

"ನಾನೇನು ಮಾಡ್ದೆ ಆಗ?"

"ನಕ್ಕೆ."

"ಮೂರು ಸಲಾನೂ?"

"ಹೂಂ" ಎಂದಳು ಮಗಳು. "ನಿನ್ನೆ ಎಲ್ಲಾರಿಗಿಂತ ಜೋರಾಗಿ."